ಅಂಪೈರಿನ ಅಪ್ಪ

ರೇಡಿಯೋ ಬಂದ್ ಮಾಡಿಕೊಂಡು ಕಾರು ಓಡಿಸುವುದು ಎಮಿಲ್ ಹೊರ್ವಾತ್‌ಗೆ ಅಭ್ಯಾಸವಿರಲಿಲ್ಲ. ಲೊರೇನ್ ದಾಟಿ ಟೊಲೀಡೊದ ಹೆದ್ದಾರಿಗೆ ಬಿದ್ದು ಎಷ್ಟೋ ಹೊತ್ತಾದರೂ ಬಲಗೈ ತಾನಾಗಿ ಗುಂಡಿಯ ಕಡೆ ಹೋಗುತ್ತಿತ್ತು; ಅವನು ಅದನ್ನು ಗದರಿಸಿ ಮತ್ತೆ ಸ್ಟಿಯರಿಂಗ್ ಮೇಲೆ ತಂದಿಡುತ್ತಿದ್ದ. ಭಾನುವಾರ ಬೆಳಗಿನ ಈ ಹೊತ್ತಿಗೆ, ಕೇಳುಗರು ಫೋನು ಮಾಡಿ ಆಟಗಳ ಬಗ್ಗೆ ವಾದಿಸುವ ಗಸ್‌ನ ರೇಡಿಯೋ ಕಾರ್ಯಕ್ರಮ ರಂಗೇರಿರುತ್ತದೆ. ಬಾಸ್ಕೆಟ್‌ಬಾಲ್‌ನವರು ಬೇಕೆಂದೇ ಸೋತು ಮುಂದಿನ ವರ್ಷದ ಹೊಸ ಹುಡುಗರನ್ನು ಮೊದಲು ಆರಿಸಿಕೊಳ್ಳುವುದು ಸರಿಯೇ, ಕೈಯೂ ತಾಗದೆ ಧೊಪ್ಪನೆ ಬೀಳುವ ಆಟಗಾರನಿಗೆ ದಂಡ ಹಾಕಬೇಕೇ, ಬಲವರ್ಧಕ ಮದ್ದಿನ ಸೂಜಿ ಚುಚ್ಚಿಸಿಕೊಂಡು ಚೆಂಡನ್ನು ಊರಾಚೆ ಹೊಡೆದ ಬೇಸ್‌ಬಾಲ್ ಶೂರರ ಹೆಸರನ್ನು ಕೀರ್ತಿಮಂದಿರದಲ್ಲಿ ಕೆತ್ತಿಸಬೇಕೇ, ಕಸದ ಡಬ್ಬಿ ಬಡಿದು ಎದುರಾಳಿಯ ಸನ್ನೆ ಕದ್ದವರ ಕಪ್ ಕಿತ್ತುಕೊಳ್ಳಬೇಕೇ ಎಂಬ ಪ್ರಶ್ನೆಗಳು ಅಲ್ಲಿ ವರ್ಷವಿಡೀ ಕುದಿಯುತ್ತಿರುತ್ತವೆ. ಒಂದೊಂದಕ್ಕೂ ಎಮಿಲ್ ಹತ್ತಿರ ಉತ್ತರವಿತ್ತು. ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಣ್ಣದ ಡಬ್ಬಿಗಳ ನಡುವೆ ನಿಂತು, ಫೋನನ್ನು ಕಿವಿಗೊತ್ತಿಕೊಂಡು ಅವನು ಆ ಉತ್ತರಗಳನ್ನು ಹೇಳುತ್ತ ಬಂದು ಎಷ್ಟೋ ವರ್ಷಗಳಾಗಿದ್ದವು. “ನಮ್ಮ ಲೊರೇನ್‌ನ ಎಮಿಲ್ ಬಂದ ನೋಡ್ರಪ್ಪಾ, ಕಿವಿಗೆ ಹತ್ತಿ ಇಟ್ಕೊಳ್ಳಿ” ಎಂದು ಗಸ್ ನಗುತ್ತಿದ್ದ. ಹೇಳಬೇಕಾದ್ದನ್ನು ಹೇಳಿ, ಎಲ್ಲ ಕರೆಗಾರರ ಹಾಗೆ “ಫೋನ್ ಇಟ್ಟು ಕೇಳ್ತೀನಿ ಗಸ್” ಎನ್ನುತ್ತಿದ್ದ ಎಮಿಲ್. ಇಟ್ಟ ಮೇಲೆ ಕೇಳುತ್ತಿದ್ದನೇ? ತಾನು ಆಡಿದ ಮಾತೇ ಇನ್ನೂ ಕಿವಿಯಲ್ಲಿ ಮೊಳಗುತ್ತಿರುವಾಗ ಗಸ್ ಕೊಟ್ಟ ಉತ್ತರ ಯಾರಿಗೆ ಕೇಳಿಸುತ್ತದೆ!

ಇವತ್ತು ಮಾತ್ರ ಯಾರ ಅಭಿಪ್ರಾಯವೂ ಕಿವಿಗೆ ಬೀಳಬಾರದೆಂದು ಅವನು ಬೆಳಿಗ್ಗೆಯೇ ನಿಶ್ಚಯಿಸಿದ್ದ. ಬಿದ್ದರೆ ಬಾಯಿ ಬೆಚ್ಚಗಾಗುತ್ತದೆ. ಬೆಚ್ಚಗಾದ ಬಾಯಿಯನ್ನು ಮುಚ್ಚಿಸುವುದು ಕಷ್ಟ. ಹೊರಡುವಾಗ ಹೆಂಡತಿ ಲುಆನ್ ಕಾರಿನ ಕಿಟಕಿಗೆ ತಲೆ ತೂರಿಸಿ, “ನಾನು ಬರಲ್ಲಪ್ಪ, ಅವಳಿಗೆ ಜನ ಬಯ್ಯೋದು ಕೇಳೋಕೆ ನನ್ನ ಹೊಟ್ಟೆ ತಡೆಯಲ್ಲ. ನೀನು ಹೋಗ್ತಿದ್ದೀಯ, ಹೋಗು. ಆದ್ರೆ ಎಮಿಲ್, ಬಾಯಿ ಬರೀ ತಿನ್ನೋಕೆ ಇರೋದು ಇವತ್ತು, ತಿಳೀತಾ?” ಎಂದಿದ್ದಳು. ಮಗಳು ಡೋರಿ ಗುರುವಾರ ಫೋನು ಮಾಡಿದ್ದಳು. ಎರಡನೇ ದರ್ಜೆಯ ಲೀಗಿನಲ್ಲಿ ಅಂಪೈರಾಗಿ ಬಸ್ಸು, ಅಗ್ಗದ ಹೋಟೆಲು, ಒಗೆಯದ ಸಾಕ್ಸುಗಳ ನಡುವೆ ಅವಳು ಯೌವನ ಕಳೆಯುತ್ತಿದ್ದಳು. “ಭಾನುವಾರ ಟೊಲೀಡೊದಲ್ಲಿ ಪ್ಲೇಟಿನ ಹಿಂದೆ ನಾನೇ ನಿಲ್ಲೋದು. ಮೇಲಿನ ಲೀಗಿನವರು ಒಬ್ಬರು ನನ್ನ ನೋಡೋಕೇ ಬರ್ತಿದ್ದಾರೆ. ಹುಲ್ಲಿನ ಟೋಪಿ ಹಾಕ್ಕೊಂಡಿರ್ತಾರಂತೆ. ಒಪ್ಪಿದ್ರೆ ಮೇಲೆ ಕರೀತಾರೆ, ಇಲ್ಲಾಂದ್ರೆ ಇಲ್ಲ. ಈ ವಯಸ್ಸಲ್ಲಿ ಇನ್ನೊಂದು ಸಲ ಯಾರೂ ಬರಲ್ಲ ಅಪ್ಪ” ಎಂದು ಅವಳು ಒಂದೇ ಉಸಿರಿಗೆ ಹೇಳಿ, ಸ್ವಲ್ಪ ತಡೆದು, “ಬೇಕಾದ್ರೆ ಬಾ” ಎಂದು ಸೇರಿಸಿದ್ದಳು. ಆ ಮೂರಕ್ಷರದ ‘ಬೇಕಾದ್ರೆ’ಯನ್ನು ಎಮಿಲ್ ಗುರುವಾರದಿಂದ ಇವತ್ತಿನವರೆಗೆ ನಾಲಿಗೆಯ ಮೇಲೆ ಮಿಠಾಯಿಯಂತೆ ಆಡಿಸುತ್ತಿದ್ದ. ಏಕೆಂದರೆ ತನ್ನ ಆಟಗಳಿಗೆ ಬರಬೇಡ ಎಂದು ಅವಳು ಹೇಳಿ ಬಹಳ ಕಾಲವಾಗಿತ್ತು, ಅವನೂ ಹೋಗಿರಲಿಲ್ಲ.

ಆಗ ಅವಳಿಗೆ ಹದಿನೆಂಟೋ ಏನೋ. ಬೇಸಿಗೆಯಲ್ಲಿ ಕೈಖರ್ಚಿಗೆಂದು ಬಡಾವಣೆಯ ಚಿಳ್ಳೆಪಿಳ್ಳೆಗಳ ಪಂದ್ಯಗಳಿಗೆ ಅಂಪೈರ್ ಆಗುತ್ತಿದ್ದಳು. ಅದಕ್ಕೂ ಮುಂಚೆ, ಅವಳ ಕಾಲು ಸೋಫಾದಿಂದ ನೆಲಕ್ಕೆ ಎಟುಕದ ವಯಸ್ಸಿನಲ್ಲಿ, ಅಪ್ಪ ಮಗಳು ಟೀವಿಯ ಸದ್ದು ಅಡಗಿಸಿ ಒಂದೊಂದು ಎಸೆತಕ್ಕೂ ತಾವೇ ತೀರ್ಪು ಕೊಡುವ ಆಟ ಆಡುತ್ತಿದ್ದರು. ಬ್ಯಾಟುಗಾರನ ಎದೆಗೂ ಮೊಣಕಾಲಿಗೂ ನಡುವೆ, ನೆಲದ ಬಿಳಿ ಪ್ಲೇಟಿನ ಅಗಲದಷ್ಟು ಗಾಳಿಯಲ್ಲಿ ಒಂದು ಚೌಕ. ಚೆಂಡು ಅದರೊಳಗೆ ಹಾದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕಾದರೆ ಬ್ಯಾಟುಗಾರ ಔಟ್, ನಾಲ್ಕು ಬಾಲಾದರೆ ಅವನಿಗೆ ಮೊದಲ ಬೇಸು ಪುಕ್ಕಟೆ. ಕಣ್ಣಿಗೆ ಕಾಣದ ಆ ಚೌಕ ಡೋರಿಗೆ ಕಾಣುತ್ತಿತ್ತು. ಅವನು ‘ಬಾಲ್’ ಎನ್ನುವ ಮೊದಲೇ ಅವಳು ‘ಸ್ಟ್ರೈಕ್’ ಎನ್ನುತ್ತಿದ್ದಳು, ಟೀವಿಯವನು ಬಲಗೈ ಎತ್ತುತ್ತಿದ್ದ. ಹೆಮ್ಮೆಯಾಗುತ್ತಿತ್ತು. ಆದರೆ ಚಿಕ್ಕ ಮೈದಾನದ ಹಲಗೆ ಬೆಂಚಿನ ಮೇಲೆ ಎಲ್ಲ ತಾಯ್ತಂದೆಯರ ನಡುವೆ ಕೂತಾಗ ಅವನಿಗೆ ಏನು ಮೈಮೇಲೆ ಬಂದಿತ್ತೋ, “ಹೊರಗಿತ್ತು ಡೋರಿ, ಹೊರಗಿತ್ತು!” ಎಂದು ಎದ್ದು ನಿಂತು ಕೂಗಿದ್ದ. “ಹೆತ್ತ ಅಪ್ಪನೇ ಹೇಳ್ತಿದ್ದಾನಲ್ಲಮ್ಮಾ, ಇನ್ನೇನು ಬೇಕು!” ಎಂದು ಯಾರೋ ಹೆಂಗಸು ಕಿರುಚಿದಳು. ಬೆಂಚು ಪೂರ್ತಿ ನಕ್ಕಿತು. ಮುಖವಾಡದೊಳಗೆ ಡೋರಿಯ ಮುಖ ಕಾಣುತ್ತಿರಲಿಲ್ಲ, ಕಿವಿಗಳು ಮಾತ್ರ ಕೆಂಪಾಗಿದ್ದವು. ಮನೆಗೆ ಬರುವಾಗ ಕಾರಿನಲ್ಲಿ ಅವಳು ಅಳಲಿಲ್ಲ, ಜಗಳವಾಡಲಿಲ್ಲ. “ಇನ್ಮೇಲೆ ಬರಬೇಡಪ್ಪ” ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಟೊಲೀಡೊದ ಮೈದಾನ ಊರ ನಡುವೆ, ಹಳೆಯ ಇಟ್ಟಿಗೆ ಗೋದಾಮುಗಳ ಮಗ್ಗುಲಲ್ಲಿತ್ತು. ಎಮಿಲ್ ಸಾಸಿವೆ ಸುರಿಸಿಕೊಂಡ ಹಾಟ್‌ಡಾಗ್ ಹಿಡಿದು ಮೂರನೇ ಬೇಸಿನ ಪಕ್ಕದ ಸಾಲಿನಲ್ಲಿ ಕೂತ. ಪ್ಲೇಟಿನ ಹಿಂದೆ ಜಾಗವಿದ್ದರೂ ಅಲ್ಲಿ ಕೂರಲು ಧೈರ್ಯ ಬರಲಿಲ್ಲ. ಅಲ್ಲಿ ಹುಲ್ಲಿನ ಟೋಪಿ ಇತ್ತು: ಒಬ್ಬ ಒಣಕಲು ಮುದುಕ, ಕಾಲ ಮೇಲೆ ಕಾಲು ಹಾಕಿಕೊಂಡು, ಕಡಲೆಕಾಯಿ ಕೂಡ ತಿನ್ನದೆ ಕೂತಿದ್ದ. ಡೋರಿ ಇನ್ನಿಬ್ಬರು ಅಂಪೈರುಗಳ ಜೊತೆ ಸುರಂಗದಿಂದ ಹೊರಬಂದಾಗ ಒಂದಷ್ಟು ಜನ ಅಭ್ಯಾಸಬಲದಿಂದ ‘ಬೂ’ ಎಂದು ಹೀಯಾಳಿಸಿದರು. ಅವಳು ಗುಟುಕು ನೀರು ಕುಡಿದು, ಬ್ರಷ್ಷಿನಿಂದ ಪ್ಲೇಟಿನ ಮಣ್ಣು ಗುಡಿಸಲು ಬಗ್ಗಿದಳು. ಜನಕ್ಕೆ ಬೆನ್ನು ತೋರಿಸಬಾರದೆಂದು ಅಂಪೈರುಗಳು ಸುತ್ತು ಬಂದು ಮೈದಾನಕ್ಕೆ ಬೆನ್ನು ಮಾಡಿ ಬಗ್ಗುತ್ತಾರೆ. ಅವಳೂ ಹಾಗೆಯೇ ಮಾಡಿದಳು. ಆಗ ಒಂದು ಗಳಿಗೆ ಅವಳ ಮುಖ ಇತ್ತ ಕಡೆ ಇತ್ತು, ಆದರೆ ಅವಳು ಕಣ್ಣೆತ್ತಲಿಲ್ಲ. ಎತ್ತುವ ಹಾಗಿಲ್ಲ, ಅಂಪೈರುಗಳು ಪ್ರೇಕ್ಷಕರ ಕಡೆ ನೋಡುವುದಿಲ್ಲ. ಅದು ಗೊತ್ತಿದ್ದೂ ಎಮಿಲ್‌ಗೆ ಕೈ ಬೀಸಬೇಕೆನಿಸಿತು. ಹಾಟ್‌ಡಾಗ್ ಹಿಡಿದ ಕೈಯೇ ಅರ್ಧ ಎದ್ದು, ಪ್ಯಾಂಟಿನ ಮೇಲೆ ಸಾಸಿವೆ ಚೆಲ್ಲಿತು.

ಮೊದಲ ನಾಲ್ಕು ಇನ್ನಿಂಗ್ಸ್ ಅವನು ಬಾಯಿಗೆ ಏನಾದರೂ ತುರುಕುತ್ತಲೇ ಇದ್ದ. ಅವಳ ಬಲಗೈ ಎದ್ದಾಗೆಲ್ಲ ಅಗಿಯುವುದನ್ನು ನಿಲ್ಲಿಸಿ, ಮುಂದಿನ ಎಸೆತಕ್ಕೆ ಮತ್ತೆ ಅಗಿಯುತ್ತಿದ್ದ. ಎಲ್ಲಕ್ಕಿಂತ ಅವನಿಗೆ ಭಯವಿದ್ದದ್ದು ಯಂತ್ರದ್ದು. ತೀರ್ಪು ಸರಿಯಿಲ್ಲ ಅನಿಸಿದರೆ ಬ್ಯಾಟುಗಾರನಾಗಲಿ ಎಸೆಯುವವನಾಗಲಿ ಹಿಡಿಯುವವನಾಗಲಿ ತಲೆಯ ಮೇಲೆ ಎರಡು ಸಲ ತಟ್ಟಿಕೊಳ್ಳುತ್ತಾನೆ. ಕೂಡಲೇ ದೊಡ್ಡ ಪರದೆಯ ಮೇಲೆ ಚೌಕ ಮೂಡುತ್ತದೆ, ಚಿತ್ರದ ಚೆಂಡು ತೇಲಿಕೊಂಡು ಬಂದು ಒಳಗೋ ಹೊರಗೋ ಎಂದು ಊರಿಗೆಲ್ಲ ತೋರಿಸುತ್ತದೆ. ಸವಾಲು ಹಾಕಿ ಸೋತರೆ ಆ ತಂಡ ಒಂದು ಅವಕಾಶ ಕಳೆದುಕೊಳ್ಳುತ್ತದೆ, ಎರಡು ಸಲ ಸೋತರೆ ಆಮೇಲೆ ಅಂಪೈರ್ ಹೇಳಿದ್ದೇ ವೇದವಾಕ್ಯ. ಈ ಯಂತ್ರ ಬರಲಿ ಎಂದು ರೇಡಿಯೋದಲ್ಲಿ ಎಲ್ಲರಿಗಿಂತ ಮೊದಲು ಗಂಟಲು ಹರಿದುಕೊಂಡವನೇ ಎಮಿಲ್. “ಈ ಕುರುಡರನ್ನೆಲ್ಲ ಮನೆಗೆ ಕಳಿಸಿ ಗಸ್, ಒಂದು ಕ್ಯಾಮೆರಾ ಇಡಿ ಸಾಕು” ಎಂದಿದ್ದ. ಆಗ ಡೋರಿ ಫ್ಲಾರಿಡಾದಲ್ಲಿ ಅಂಪೈರುಗಳ ಶಾಲೆಗೆ ಸೇರಿ ಆಗಿತ್ತು. ತಾನು ಹೇಳಿದ್ದು ಅವಳ ಹೊಟ್ಟೆಪಾಡಿನ ಮಾತು ಎಂದು ಅವನಿಗೆ ಹೊಳೆಯಲೇ ಇಲ್ಲ. ಅಭಿಪ್ರಾಯ ಬೇರೆ, ಮಗಳು ಬೇರೆ. ಮೂರನೇ ಇನ್ನಿಂಗ್ಸಿನಲ್ಲಿ ಟೊಲೀಡೊದ ಬ್ಯಾಟುಗಾರ ತಲೆ ತಟ್ಟಿಕೊಂಡಾಗ ಎಮಿಲ್ ಉಸಿರು ಬಿಗಿಹಿಡಿದ. ಪರದೆಯ ಚೆಂಡು ಚೌಕದ ಮೂಲೆಯನ್ನು ಸವರಿಕೊಂಡು ಹೋಯಿತು. ಡೋರಿ ಸರಿಯಿದ್ದಳು. ಅವನು ಯಂತ್ರವನ್ನು ಮನಸ್ಸಿನಲ್ಲೇ ಮುದ್ದಾಡಿದ.

ಅದೇ ಗೆಲುವು ಅವನ ಎಚ್ಚರ ತಪ್ಪಿಸಿರಬೇಕು. ಐದನೇ ಇನ್ನಿಂಗ್ಸು, ಟೊಲೀಡೊದ ಎಡಗೈ ಹುಡುಗ ಬ್ಯಾಟು ಹಿಡಿದಿದ್ದ, ಬೇಸುಗಳ ಮೇಲೆ ಇಬ್ಬರು. ಚೆಂಡು ಬಂತು, ಹುಡುಗ ಬ್ಯಾಟು ಬೀಸಲಿಲ್ಲ, ಡೋರಿಯ ಬಲಗೈ ಎದ್ದಿತು: ಎರಡನೇ ಸ್ಟ್ರೈಕ್. ಸುತ್ತಲಿನ ಸಾಲುಗಳೆಲ್ಲ ಒಟ್ಟಿಗೆ ಗೊಣಗುಟ್ಟಿದವು, ಆ ಗೊಣಗಾಟದೊಳಗೆ, ಎಲ್ಲಕ್ಕಿಂತ ಮೇಲೆ, ತುತ್ತೂರಿಯಂಥ ಒಂದು ಗಂಟಲು ಎದ್ದದ್ದನ್ನು ಎಮಿಲ್ ಬೇರೆ ಯಾರದ್ದೋ ಎಂಬಂತೆ ಕೇಳಿದ: “ಏನಮ್ಮಾ ಅಂಪೈರೂ, ಕಣ್ಣು ಕಾರಲ್ಲೇ ಬಿಟ್ಟು ಬಂದ್ಯಾ? ಮೊಳದಷ್ಟು ಹೊರಗಿತ್ತು!” ಅವನು ನಿಂತಿದ್ದ. ಎರಡೂ ಕೈ ಆಕಾಶಕ್ಕೆ ಚಾಚಿದ್ದವು. ಜನ ನಗುತ್ತಿದ್ದರು. ಕೆಳಗೆ, ಹಿಡಿಯುವವನ ಹಿಂದೆ ಬಗ್ಗಿ ನಿಂತ ಆ ನೀಲಿ ಅಂಗಿಯ ಹೆಗಲು ಒಂದು ಕೂದಲೆಳೆಯಷ್ಟು ಮೇಲಕ್ಕೆ ಹೋಗಿ ಕೆಳಗೆ ಬಂತು. ಕೈ ಕೆಳಗಿಳಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಇಳಿಸುವಷ್ಟರಲ್ಲಿ ಮುಂದಿನ ಚೆಂಡು ಬಂದಿತ್ತು, ಡೋರಿ ಅಲುಗಾಡಲಿಲ್ಲ: ಬಾಲ್. ಎಸೆದವನ ಕಡೆಯ ಹಿಡಿಯುವವನು ಹಿಂದೆಮುಂದೆ ನೋಡದೆ ಹೆಲ್ಮೆಟ್ಟಿನ ಮೇಲೆ ತಟ್ಟಿಕೊಂಡ. ಪರದೆಯ ಚೆಂಡು ತೇಲಿಬಂದು ಚೌಕದ ನಟ್ಟನಡುವೆ ಅಲ್ಲದಿದ್ದರೂ ಯಾರೂ ತಕರಾರು ಮಾಡಲಾಗದಷ್ಟು ಒಳಗೆ ಕೂತಿತು. ಡೋರಿ ಎದ್ದು ನಿಂತು, ತಾನು ಹೇಳಿದ್ದನ್ನು ತಾನೇ ಅಳಿಸಿ, ಬಲಗೈ ಮುಷ್ಟಿ ಕಟ್ಟಿ ಹುಡುಗ ಔಟೆಂದು ತೋರಿಸಿದಳು. ಮೈದಾನವೆಲ್ಲ ಅವಳನ್ನು ಬೈಯುತ್ತಿತ್ತು. ಹುಲ್ಲಿನ ಟೋಪಿ ಮೊದಲ ಬಾರಿಗೆ ಕಾಲು ಕೆಳಗಿಳಿಸಿ ಮುಂದೆ ಬಾಗಿತು.

ಎಮಿಲ್ ಕೂತ. ಗುಂಪಿನ ಬೈಗುಳಕ್ಕೆ ಬೆದರಿ ಮುಂದಿನ ಎಸೆತವನ್ನು ಗುಂಪಿನ ಪರವಾಗಿ ಕೊಟ್ಟಳು ಅಂತ ಮುದುಕ ಅಂದುಕೊಂಡಿರುತ್ತಾನೆ. ಅಂಪೈರಿಗೆ ಇದಕ್ಕಿಂತ ಕೆಟ್ಟ ಹೆಸರಿಲ್ಲ. ಬೆದರಿಸಿದ್ದು ಗುಂಪೂ ಅಲ್ಲ, ನಾನು. ಅದೂ ಎಲ್ಲಿಂದ? ಮೂರನೇ ಬೇಸಿನ ಪಕ್ಕದಿಂದ. ಇಲ್ಲಿಂದ ನೋಡಿದರೆ ಚೆಂಡು ಎತ್ತರದಲ್ಲಿತ್ತೋ ತಗ್ಗಿನಲ್ಲಿತ್ತೋ ಹೇಳಬಹುದು, ಒಳಗೋ ಹೊರಗೋ ದೇವರಿಗೂ ಕಾಣುವುದಿಲ್ಲ. ಕಾಣದ್ದನ್ನು ಮೊಳ ಹಾಕಿ ಅಳೆದುಬಿಟ್ಟೆ. ತನ್ನ ಬಾಯಿಯ ಬಗೆಗಿನ ಈ ಭಯ ಅವನಿಗೆ ಹೊಸದಲ್ಲ. ಹೋದ ಚಳಿಗಾಲ ಕ್ಲೀವ್‌ಲ್ಯಾಂಡಿನ ಬಾಸ್ಕೆಟ್‌ಬಾಲ್ ಅಂಗಳದ ತುತ್ತತುದಿಯ ಸಾಲಿನಲ್ಲಿ ಕೂತಾಗಲೂ ಹೀಗೇ ಆಗಿತ್ತು. ಟೈರೆಲ್ ಬೋಗನ್ ಎಂಬ ತಾರೆ ಮೊಣಕಾಲಿಗೆ ವಿಶ್ರಾಂತಿ ಬೇಕೆಂದು ಪಂದ್ಯಗಳ ಮೇಲೆ ಪಂದ್ಯ ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದ ಕಾಲ. ಮಕ್ಕಳನ್ನು ಕರಕೊಂಡು ದುಡ್ಡು ತೆತ್ತು ಬಂದವರು ಕೋಟು ನೋಡಿ ಹೋಗಬೇಕೇ ಎಂಬುದು ಎಮಿಲ್‌ನ ವಾದ. ವಾದದಲ್ಲಿ ಹುರುಳಿತ್ತು. ಆದರೆ ವಾದ ಮಾಡುತ್ತ ಮಾಡುತ್ತ ಬಾಯಿ ರುಚಿ ಹತ್ತಿ, “ಅವನ ಮೊಣಕಾಲು ನೆಟ್ಟಗೇ ಇದೆ ಗಸ್, ಇಲ್ಲದೇ ಇರೋದು ಗುಂಡಿಗೆ” ಎಂದುಬಿಟ್ಟ. ಗಸ್‌ಗೆ ಅದು ಎಷ್ಟು ಹಿಡಿಸಿತೆಂದರೆ ಆ ಮಾತನ್ನು ಕತ್ತರಿಸಿ, ಹಿಂದೆ ಡೋಲು ಬಾರಿಸಿ, ಪ್ರತಿ ಜಾಹೀರಾತಿಗೆ ಮುಂಚೆ ಹಾಕತೊಡಗಿದ. ಅಂಗಡಿಗೆ ಬಣ್ಣ ಕೊಳ್ಳಲು ಬಂದವರು ಎಮಿಲ್‌ನ ಬೆನ್ನು ತಟ್ಟಿದರು. ಮರುವಾರ ಬೋಗನ್ ಆಡಿದ. ಮೇಲಕ್ಕೆ ನೆಗೆದವನು ಕೆಳಗೆ ಬಂದ ರೀತಿಯೇ ಸರಿಯಿರಲಿಲ್ಲ. ಅಷ್ಟು ಎತ್ತರದ ಸಾಲಿಗೂ ಅವನ ಕೂಗು ಕೇಳಿಸಿತು. ಮನೆಗೆ ಮರಳುವಾಗ ಕಾರಿನಲ್ಲಿ, ಯಾರೂ ತೆಗೆಸಲು ನೆನಪಿಟ್ಟಿರಲಿಲ್ಲವೇನೋ, ಡೋಲಿನ ಸಮೇತ ಎಮಿಲ್‌ನ ಗಂಟಲು ಬಂತು: ಇಲ್ಲದೇ ಇರೋದು ಗುಂಡಿಗೆ. ಆ ದಿನ ರಾತ್ರಿ ಊಟಕ್ಕೆ ಕೂತು ಅವನು ಲುಆನ್ ಹತ್ತಿರ ಒಂದೇ ಮಾತು ಕೇಳಿದ್ದ: “ಆ ಬೋಗನ್ ರೇಡಿಯೋ ಕೇಳ್ತಾನಾ?”

“ಯಜಮಾನ್ರೇ, ಒಂದ್ನಿಮಿಷ.” ಹಿಂದಿನ ಸಾಲಿನಿಂದ ಒಬ್ಬ ದಪ್ಪ ಮನುಷ್ಯ ಅವನ ಹೆಗಲ ಮೇಲೆ ಕೈಯಿಟ್ಟಿದ್ದ. “ಈ ಗಂಟಲು ನಾನು ದಿನಾ ಕೇಳ್ತೀನಿ. ಲಾರಿ ಓಡಿಸೋನು ನಾನು, ಕ್ಲೀವ್‌ಲ್ಯಾಂಡ್ ಸ್ಟೇಷನ್ನೇ ಹಾಕೋದು. ನೀವು ಲೊರೇನ್‌ನ ಎಮಿಲ್ ಅಲ್ವಾ?”

“ಅಲ್ಲ” ಎನ್ನಬಹುದಿತ್ತು. ಆದರೆ ಹಾಗೆ ಗುರುತು ಹಿಡಿದು ಕೇಳಿದಾಗ ಅಲ್ಲ ಎನ್ನುವಷ್ಟು ದೊಡ್ಡ ಮನಸ್ಸು ಯಾರಿಗಿದೆ! ಎಮಿಲ್ ತಲೆಯಾಡಿಸಿದ.

“ಡಾರ್ಲಾ, ನೋಡೇ ಇಲ್ಲಿ! ಗುಂಡಿಗೆ ಇಲ್ಲ ಅಂದವನು ಇವನೇ ಕಣೇ!” ಎಂದು ಆ ಲಾರಿಯವನು ಹೆಂಡತಿಯನ್ನು ತಿವಿದ. ಅವನ ಹೆಸರು ಡ್ವೇನ್ ಅಂತೆ. “ಇರಿ, ಬಿಯರ್ ನನ್ನ ಲೆಕ್ಕ. ಏ ಜಾಗ ಬಿಡ್ರೋ, ದೊಡ್ಡ ಮನುಷ್ಯರು ಬಂದಿದ್ದಾರೆ.”

ಆಮೇಲಿನ ಎರಡು ಇನ್ನಿಂಗ್ಸು ಹೇಗೆ ಕಳೆದವೆಂದು ಎಮಿಲ್‌ಗೆ ನಾಚಿಕೆಪಡದೆ ನೆನೆಸಿಕೊಳ್ಳಲಾಗಲಿಲ್ಲ. ಸುತ್ತಲಿನವರೆಲ್ಲ ಇತ್ತ ತಿರುಗಿ ಕೂತರು. ಕೀರ್ತಿಮಂದಿರದ ವಿಷಯ ಏನಂತೀರಿ ಎಂದು ಒಬ್ಬ ಕೇಳಿದ. ಸೂಜಿ ಚುಚ್ಚಿಸಿಕೊಂಡವರನ್ನು ಒಳಗೆ ಬಿಡಿ, ಆದರೆ ಪಕ್ಕದಲ್ಲೊಂದು ಸೂಜಿಯನ್ನೂ ಕೆತ್ತಿ ಎಂದ ಎಮಿಲ್. ಹೊಹೊ ಎಂದು ನಕ್ಕರು. ಎಸೆಯುವವನಿಗೆ ಗಡಿಯಾರ ಕಟ್ಟಿದ್ದು ಒಳ್ಳೆಯದೇ ಆಯಿತು, ಮುಂಚೆ ಒಂದು ಚೆಂಡು ಎಸೆಯುವಷ್ಟರಲ್ಲಿ ನನ್ನ ಹೆಂಡತಿ ಎಲೆಕೋಸಿನ ಕಡುಬು ಮಾಡಿ ಮುಗಿಸುತ್ತಿದ್ದಳು ಎಂದ. ಮತ್ತೆ ನಕ್ಕರು. ನೆಲದ ಮೇಲೆ ಮೂರು ಉರುಳು ಉರುಳುವ ಬಾಸ್ಕೆಟ್‌ಬಾಲ್‌ನವರಿಗೆ ಸೀಟಿ ಊದುವ ಬದಲು ಹಾಸಿಗೆ ಹಾಸಿಕೊಡಿ ಎಂದ. ಬಿಯರ್ ತಂಪಾಗಿತ್ತು, ಬಿಸಿಲು ಬೆನ್ನಿಗೆ ಹಿತವಾಗಿ ಬೀಳುತ್ತಿತ್ತು, ಮಾತುಗಳು ಒಂದರ ಕೈ ಇನ್ನೊಂದು ಹಿಡಿದು ಬರುತ್ತಿದ್ದವು. ಇಷ್ಟು ಜನರ ಮುಖ ನೋಡುತ್ತ ಅವನು ಎಂದೂ ಮಾತಾಡಿರಲಿಲ್ಲ, ಯಾವಾಗಲೂ ಎದುರಿಗೆ ಇರುತ್ತಿದ್ದದ್ದು ಬಣ್ಣದ ಡಬ್ಬಿಗಳು. ಏಳನೇ ಇನ್ನಿಂಗ್ಸಿನ ನಡುವೆ ಪದ್ಧತಿಯಂತೆ ಎಲ್ಲರೂ ಎದ್ದು ಮೈಮುರಿದು ಹಾಡುವಾಗ ಅವನೂ ಡ್ವೇನ್‌ನ ಹೆಗಲಿಗೆ ಕೈಹಾಕಿ ಹಾಡಿದ. ಹಾಡು ಮುಗಿದು ಕೂತ ಮೇಲೆ ಥಟ್ಟನೆ ಹೊಳೆಯಿತು, ಎರಡು ಇನ್ನಿಂಗ್ಸಿನಿಂದ ಮಗಳು ಹೇಳಿದ ಒಂದು ತೀರ್ಪನ್ನೂ ತಾನು ನೋಡಿಲ್ಲ. ಅವಳನ್ನು ನೋಡಲು ಬಂದು, ಅವಳಿಗೆ ಬೆನ್ನು ಹಾಕಿ ಕೂತಿದ್ದೇನೆ.

ತಿರುಗಿ ಕೂತ. ಡೋರಿ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ಬಗ್ಗುತ್ತಿದ್ದಳು, ಏಳುತ್ತಿದ್ದಳು. ಐದನೇ ಇನ್ನಿಂಗ್ಸಿನ ಗಾಯ ಅವಳ ಮೈಯಲ್ಲಿ ಎಲ್ಲಾದರೂ ಇದೆಯೇ ಎಂದು ಅವನು ಹುಡುಕಿದ. ಹೆಗಲು ನೆಟ್ಟಗಿತ್ತು. ಒಮ್ಮೆ ಹಿಡಿಯುವವನಿಗೆ ಚೆಂಡು ಬಡಿದಾಗ ಅವನಿಗೆ ಸುಧಾರಿಸಿಕೊಳ್ಳಲು ಹೊತ್ತಾಗಲೆಂದು ಅವಳು ಬ್ರಷ್ಷು ತೆಗೆದು ಮಣ್ಣಿಲ್ಲದ ಪ್ಲೇಟನ್ನು ನಿಧಾನವಾಗಿ ಗುಡಿಸಿದಳು. ಇದನ್ನು ಅವಳಿಗೆ ಯಾರು ಕಲಿಸಿದರು? ಸೋಫಾದ ಮೇಲೆ ತಾನಂತೂ ಕಲಿಸಿರಲಿಲ್ಲ. ಟೀವಿಯಲ್ಲಿ ಅಂಪೈರ್ ಪ್ಲೇಟು ಗುಡಿಸಲು ಬಗ್ಗಿದಾಗೆಲ್ಲ ತಾನು ಎದ್ದು ಚಿಪ್ಸ್ ತರಲು ಹೋಗುತ್ತಿದ್ದೆ.

ಕೊನೆಯ ಇನ್ನಿಂಗ್ಸು ಬಂದಾಗ ಟೊಲೀಡೊ ಒಂದು ಓಟ ಹಿಂದಿತ್ತು. ಇಬ್ಬರು ಔಟಾಗಿದ್ದರು, ಮೂರೂ ಬೇಸುಗಳ ಮೇಲೆ ಜನರಿದ್ದರು, ಎರಡು ಸ್ಟ್ರೈಕು, ಮೂರು ಬಾಲು ಆಗಿ ಬ್ಯಾಟು ಹಿಡಿದವನ ಪಾಲಿಗೆ ಉಳಿದದ್ದು ಒಂದೇ ಎಸೆತ: ಬಾಲ್ ಆದರೆ ಎಲ್ಲರೂ ಒಂದೊಂದು ಬೇಸು ಮುಂದೆ ಸರಿದು ಆಟ ಸಮ, ಸ್ಟ್ರೈಕ್ ಆದರೆ ಸೋಲು. ಟೊಲೀಡೊದವರು ಎರಡೂ ಸವಾಲು ಹಾಕಿ ಸೋತುಬಿಟ್ಟಿದ್ದರಿಂದ ಪರದೆ ಇನ್ನು ಅವರ ನೆರವಿಗೆ ಬರುವಂತಿರಲಿಲ್ಲ. ಎಲ್ಲರೂ ಎದ್ದು ನಿಂತಿದ್ದರು. ಎಮಿಲ್ ನಿಲ್ಲಲಿಲ್ಲ. ನಿಂತವರ ಬೆನ್ನುಗಳ ಸಂದಿಯಿಂದ ಅವನಿಗೆ ನೀಲಿ ಅಂಗಿಯ ಒಂದು ತುಣುಕು, ಮುಖವಾಡದ ಒಂದು ಬದಿ ಕಾಣಿಸುತ್ತಿತ್ತು. ಚೆಂಡು ಹಾರಿಬಂತು. ಬ್ಯಾಟು ಅಲ್ಲಾಡಲಿಲ್ಲ. ಕೈಗವಸಿಗೆ ಚೆಂಡು ಬಿದ್ದ ಸದ್ದು. ಡೋರಿ ಎಷ್ಟು ಹೊತ್ತು ಸುಮ್ಮನಿದ್ದಳೋ, ಅಥವಾ ಸುಮ್ಮನಿರಲೇ ಇಲ್ಲವೋ, ಅವಳ ಬಲಗೈ ಹಿಂದಕ್ಕೆ ಎಳೆದು ಮುಂದಕ್ಕೆ ಚುಚ್ಚಿತು. ಆಟ ಮುಗಿದಿತ್ತು.

ಮೈದಾನ ಕುದಿಯಿತು. ಕಾಗದದ ಲೋಟಗಳು ಹಾರಿದವು. ಡ್ವೇನ್ ತಲೆಯ ಮೇಲಿನ ಟೋಪಿ ಕಿತ್ತು ಸೀಟಿಗೆ ಬಡಿದ. “ನೋಡಿದ್ರಾ? ನೋಡಿದ್ರಾ ಹಾಳಾದವಳು ಮಾಡಿದ್ದು? ಎಮಿಲ್, ನಾಳೆ ಬೆಳಿಗ್ಗೆ ಮೊದಲ ಕರೆ ನಿಮ್ದೇ ಆಗ್ಬೇಕು. ಇವಳ ಚರ್ಮ ಸುಲೀಬೇಕು ನೀವು. ಹೇಳಿ, ಈಗ್ಲೇ ಒಂದು ಮಾತು ಹೇಳಿ ಗುರುಗಳೇ, ಎಲ್ಲಿತ್ತು ಆ ಚೆಂಡು?”

ಸಾಲು ಸಾಲು ಮುಖಗಳು ಅವನ ಕಡೆ ತಿರುಗಿದವು. ಒಬ್ಬ ಫೋನು ಮುಂದೆ ಹಿಡಿದಿದ್ದ. ಎಮಿಲ್‌ನ ನಾಲಿಗೆಯ ತುದಿಗೆ ಬೇಕಾದಷ್ಟು ಬಂದು ನಿಂತವು; ಮಗಳ ಪರವಾಗಿಯೂ ಬಂದವು, ಅಂಚಿಗೆ ತಾಗಿತ್ತು, ಚೌಕ ಸವರಿತ್ತು, ಇಂಥ ಗಳಿಗೆಯಲ್ಲಿ ಬ್ಯಾಟು ಬೀಸದವನಿಗೆ ಗೆಲ್ಲುವ ಯೋಗ್ಯತೆಯಿಲ್ಲ. ಎಲ್ಲವೂ ಒಳ್ಳೆಯ ಮಾತುಗಳೇ, ಡೋಲು ಬಾರಿಸಬಹುದಾದಂಥವು. ಅವನು ಅವನ್ನೆಲ್ಲ ನುಂಗಿದ. ನುಂಗುವಾಗ ನೋವಾಯಿತು.

“ನನಗೆ ಕಾಣಲಿಲ್ಲ” ಎಂದ.

“ಏನು?”

“ಇಲ್ಲಿಂದ ಕಾಣಲ್ಲ ಡ್ವೇನ್. ಒಳಗೋ ಹೊರಗೋ ಈ ಸಾಲಿನಿಂದ ಯಾರಿಗೂ ಕಾಣಲ್ಲ.”

“ಮತ್ತೆ ಆಗ ಮೊಳದಷ್ಟು ಹೊರಗೆ ಅಂತ ಬೊಬ್ಬೆ ಹೊಡೆದಿರಲ್ಲ ಮಾರಾಯ್ರೇ!”

“ಹೊಡೆದೆ. ಆಗಲೂ ಕಂಡಿರಲಿಲ್ಲ.” ಅವನು ಬಿಯರಿನ ಲೋಟ ಕೆಳಗಿಟ್ಟ. “ಅವಳು ನನ್ನ ಮಗಳು.”

ಫೋನು ಹಿಡಿದವನು ಅದನ್ನು ಮೆಲ್ಲಗೆ ಇಳಿಸಿದ. ಡಾರ್ಲಾ ಗಂಡನ ಬೆನ್ನಿಗೊಂದು ಗುದ್ದು ಕೊಟ್ಟು, “ಹಾಳಾದವಳು ಅಂದ್ಯಲ್ಲೋ, ಕ್ಷಮೆ ಕೇಳೋ!” ಎಂದಳು. ಅವನು ಕೇಳಿದನೋ ಇಲ್ಲವೋ, ಎಮಿಲ್ ಆಗಲೇ ಮೆಟ್ಟಿಲು ಇಳಿಯುತ್ತಿದ್ದ.

ಅಂಪೈರುಗಳು ಕಾರು ನಿಲ್ಲಿಸುವ ಹಿತ್ತಲಿನಲ್ಲಿ ಬೇಲಿಗೊರಗಿ ಅವನು ಕಾದ. ಡೋರಿ ಬಂದಳು. ಕೂದಲು ಒದ್ದೆ, ಹೆಗಲ ಮೇಲೆ ಅವಳಷ್ಟೇ ದೊಡ್ಡ ಚೀಲ, ಕೆನ್ನೆಯ ಮೇಲೆ ಮುಖವಾಡ ಒತ್ತಿದ ಗೆರೆಗಳು. ಅಪ್ಪನನ್ನು ನೋಡಿ ಚೀಲ ಕೆಳಗಿಟ್ಟಳು. ಅವನು ಏನು ಹೇಳಬೇಕೆಂದು ಮೆಟ್ಟಿಲಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನೋ ಅದು ಚೆಲ್ಲಾಪಿಲ್ಲಿಯಾಯಿತು.

“ಐದನೇ ಇನ್ನಿಂಗ್ಸಲ್ಲಿ ಕೂಗಿದ್ದು ನಾನು.”

“ಗೊತ್ತು. ಸತ್ತವರೂ ಎದ್ದು ಕೂರೋ ಗಂಟಲು.”

“ನಾನು ಕೂಗಿದ್ದಕ್ಕೇ ನೀನು ಮುಂದಿನದ್ದು ತಪ್ಪಿದೆ. ಆ ಮುದುಕ ನೋಡಿಬಿಟ್ಟ. ನಿನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಡೋರಿ.”

ಅವಳು ಅವನನ್ನು ದಿಟ್ಟಿಸಿ ನೋಡಿದಳು. ಆಮೇಲೆ ನಗತೊಡಗಿದಳು. ಅಣಕವಿರಲಿಲ್ಲ, ಸುಸ್ತಾದವರ ತಡೆಯಲಾಗದ ನಗು. “ಹಿಡಿಯೋನು ಪುಣ್ಯಾತ್ಮ ಧಿಡೀರಂತ ಎದ್ದ ಅಪ್ಪ, ಅವನ ತಲೆ ಅಡ್ಡ ಬಂತು, ಚೆಂಡು ನನಗೆ ಕಾಣಲಿಲ್ಲ, ತಪ್ಪಿದೆ. ಅಷ್ಟೇ. ನೀನು ಬಾಯಿ ಬಿಟ್ಟರೆ ಲೋಕವೆಲ್ಲ ಅಲ್ಲಾಡುತ್ತೆ ಅಂದ್ಕೊಂಡಿದ್ದೀಯಾ? ಆ ಬೋಗನ್‌ನ ಮೊಣಕಾಲೂ ನೀನೇ ಮುರಿದೆ ಅಂತ ಚಳಿಗಾಲ ಪೂರ್ತಿ ಕೊರಗಿದ್ಯಂತಲ್ಲ, ಅಮ್ಮ ಹೇಳಿದ್ಲು.”

“ಮುರೀಲಿಲ್ವಾ?”

“ಇಲ್ಲ. ಆದ್ರೆ ಆ ಮಾತು ಕೊಳಕಾಗಿತ್ತು.”

“ಕೊಳಕಾಗಿತ್ತು” ಎಂದು ಅವನು ಒಪ್ಪಿಕೊಂಡ. ಒಪ್ಪಿಕೊಂಡದ್ದೇ ಎದೆಯಿಂದ ಏನೋ ಜಾರಿತು. ಇಷ್ಟು ದಿನ ಮಹಾಪಾಪವೊಂದನ್ನು ಹೊತ್ತು ತಿರುಗಿದ್ದೆ; ಮಗಳ ಕೈಗೆ ಕೊಟ್ಟು ನೋಡಿದರೆ ಅದು ಒಂದು ಕೊಳಕು ಮಾತಿನಷ್ಟೇ ಇತ್ತು. ಅದನ್ನು ತೊಳೆಯಬಹುದು ಅನಿಸಿತು, ಬೋಗನ್‌ಗೆ ಎರಡು ಸಾಲು ಬರೆದಾದರೂ.

ಬಾಗಿಲು ತೆರೆದು ಹುಲ್ಲಿನ ಟೋಪಿ ಹೊರಬಂತು. ಹತ್ತಿರದಿಂದ ನೋಡಿದರೆ ಮುದುಕನ ಮೂಗು ಯಾವ ಕಾಲದಲ್ಲೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. “ಹೊರ್ವಾತ್, ಐದನೇ ಇನ್ನಿಂಗ್ಸಲ್ಲಿ ಎಡವಿದ್ಯಲ್ಲಮ್ಮ.”

“ಹೌದು ಸರ್.”

“ನಾನು ಅದಕ್ಕೇ ಕಾಯ್ತಾ ಕೂತಿದ್ದೆ. ತಪ್ಪದೇ ಇರೋಕೆ ಯಂತ್ರ ಇದೆ. ತಪ್ಪಿದ ಮೇಲೆ ಮುಂದಿನ ಚೆಂಡಿಗೆ ಹೇಗೆ ಬಗ್ತಾರೆ ಅಂತ ನೋಡೋಕೆ ನಾನು ಊರೂರು ಅಲೆಯೋದು. ನೀನು ಸರಿಯಾಗಿ ಬಗ್ಗಿದೆ.” ಅವನು ಕಾರಿನ ಕೀಲಿ ಹುಡುಕುತ್ತ, ಬೇರೇನೋ ವಿಷಯವೆಂಬಂತೆ ಹೇಳಿದ: “ಕ್ಲೀವ್‌ಲ್ಯಾಂಡಲ್ಲಿ ನಮ್ಮವನೊಬ್ಬನಿಗೆ ಸೊಂಟ ಹಿಡ್ಕೊಂಡಿದೆ. ಶುಕ್ರವಾರ ಮೇಲಿನ ಲೀಗಿನ ಪಂದ್ಯಕ್ಕೆ ಮೂರನೇ ಬೇಸಿನ ಅಂಪೈರಾಗಿ ನೀನು ಬಾ. ವಾರದ ಕೊನೆಯವರೆಗೆ ಅಷ್ಟೆ, ಆಮೇಲೆ ನೋಡೋಣ. ತಲೆ ಮೇಲೆ ಕೊಂಬು ಬರಿಸ್ಕೋಬೇಡ.” ಎಮಿಲ್ ಕಡೆ ತಿರುಗಿ, “ಇವರು ಯಾರು?” ಎಂದ.

“ನಮ್ಮಪ್ಪ” ಎಂದಳು ಡೋರಿ.

“ಪಾಪ” ಎಂದು ಮುದುಕ ಯಾರನ್ನು ಕುರಿತೋ ಹೇಳಿ ಹೊರಟುಹೋದ.

ಅವನ ಕಾರು ಮೂಲೆ ತಿರುಗಿತು. ಆಮೇಲೆ ಡೋರಿ ಚೀಲದ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಎಮಿಲ್ ಅವಳ ಒದ್ದೆ ತಲೆಯ ಮೇಲೆ ಕೈಯಿಟ್ಟ. ಕೊಡವಿಕೊಳ್ಳುತ್ತಾಳೇನೋ ಎಂದು ಅಂಜಿದ, ಅವಳು ಕೊಡವಿಕೊಳ್ಳಲಿಲ್ಲ.

“ಅಲ್ಲಿ ಜನ ಇದರ ಹತ್ತು ಪಟ್ಟು ಇರ್ತಾರೆ” ಎಂದಳು ಕೈಯೊಳಗಿಂದ. “ಒಂದು ತಪ್ಪಿದ್ರೂ ಶನಿವಾರ ನಿನ್ನ ಗಸ್ ನನ್ನ ಹರಿದು ಮುಕ್ಕುತ್ತಾನೆ.”

“ಮುಕ್ಕಲಿ. ನಾನು ಕರೆ ಮಾಡಲ್ಲ.”

“ಬರ್ತೀಯಾ?”

“ನೀನು ಕರೆದ್ರೆ.”

“ಬೇಕಾದ್ರೆ ಅಲ್ಲ ಈ ಸಲ. ಬಾ.” ಅವಳು ಮುಖದಿಂದ ಕೈ ತೆಗೆದಳು. “ಕೂಗ್ತೀಯಾ?”

ಇಲ್ಲ ಎನ್ನಲು ಎಮಿಲ್ ಬಾಯಿ ತೆರೆದ. ಆದರೆ ಇವತ್ತು ಒಂದು ಸಲ ನಿಜ ಹೇಳಿ ರುಚಿ ಕಂಡಿತ್ತು, ಸುಳ್ಳು ಹೊರಡಲಿಲ್ಲ. “ಬೈಯಲ್ಲ” ಎಂದ. “ಅದಂತೂ ಇಲ್ಲ. ಆದ್ರೆ ಕೂಗದೆ ಇರ್ತೀನಿ ಅಂತ ಹೇಳಲಾರೆ. ಅದು ತಾನಾಗೇ ಬಂದುಬಿಡುತ್ತೆ ಡೋರಿ.”

ಅವಳು ಎದ್ದು ಚೀಲದ ಒಂದು ಹಿಡಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದಳು.

“ಕೂಗು” ಎಂದಳು. “ನಾನು ತಿರುಗಿ ನೋಡೋ ಹಾಗಿಲ್ಲ. ಎಲ್ಲಿ ಕೂತಿದ್ದೀಯಾ ಅಂತ ನನಗೆ ಗೊತ್ತಾಗಬೇಕಲ್ಲ.”